ಕೈಗಾದ ಒಲೆ

ಕಾರವಾರ ತಾಲ್ಲೂಕಿನ ಕೈಗಾದಲ್ಲಿ, ಕಾಳಿ ನದಿಯ ಹತ್ತಿರ, ಅಣು ವಿದ್ಯುತ್ ಕೇಂದ್ರವಿದೆ. ಅಲ್ಲಿ ಬಾಂಬು ಸಿಡಿಸಿ ಕರೆಂಟು ಮಾಡ್ತಾರೆ ಅಂತ ಕೆಲವರು ಹೇಳ್ತಾರೆ. ಹಾಗಲ್ಲ. ಯುರೇನಿಯಂ ಪರಮಾಣು ಒಡೆದಾಗ ಶಾಖ ಹುಟ್ಟುತ್ತದೆ. ಆ ಶಾಖಕ್ಕೆ ನೀರು ಉಗಿಯಾಗಿ ಟರ್ಬೈನನ್ನು ತಿರುಗಿಸುತ್ತದೆ. ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟು ಮಾಡುವುದೂ ಇದನ್ನೇ, ಒಲೆ ಮಾತ್ರ ಬೇರೆ. ಕೈಗಾ ಒಲೆಗೆ ಹೊಗೆಯಿಲ್ಲ.

ತಲಾ 220 ಮೆಗಾವಾಟಿನ 4 ಘಟಕಗಳಿವೆ. ಒಂದನೇ ಘಟಕ 2018ರ ಕೊನೆಯವರೆಗೆ 962 ದಿನ ನಿಲ್ಲದೆ ಓಡಿತು. ಕಟ್ಟುವಾಗ, 1994ರಲ್ಲಿ, ಇದರದೇ ಗುಮ್ಮಟ ಕುಸಿದಿತ್ತು!

ಆದರೆ ಉರಿದು ಉಳಿದ ಯುರೇನಿಯಂ ಸಾವಿರಾರು ವರ್ಷ ವಿಕಿರಣ ಬಿಡುತ್ತದೆ. ಬೂದಿಯಂತೆ ತಿಪ್ಪೆಗೆ ಹಾಕಲಾಗದು. ಮೊದಲು ನೀರಿನ ಕೊಳದಲ್ಲಿ ವರ್ಷಗಟ್ಟಲೆ ಇಟ್ಟು ತಣಿಸುತ್ತಾರೆ. ಈಗ ಅಲ್ಲೇ 700 ಮೆಗಾವಾಟಿನ ಇನ್ನೆರಡು ಘಟಕ ಕಟ್ಟಲು ಹೊರಟಿದ್ದಾರೆ. ಕರೆಂಟು ಬೇಕು, ನಿಜ. ಆ ಕಸ ಕೊನೆಗೆ ಎಲ್ಲಿಗೆ ಹೋಗುತ್ತೆ ಅಂತ ಕಾಳಿ ದಡದ ಊರಿನವರಿಗೆ ಮೊದಲೇ ಹೇಳಬೇಕು ಅಂತ ನನಗನಿಸುತ್ತದೆ.