ಕಾಲ್ಬೆರಳ ಸಂದಿಯ ತುರಿಕೆ: ಅಪ್ಪನ ಪಾದ ಕಲಿಸಿದ ಪಾಠ

ಇವತ್ತಿನ ಎಪಿಸೋಡ್ ನಮ್ಮಪ್ಪನ ಕಾಲಿನ ಬಗ್ಗೆ. ಅವರನ್ನ ಕೇಳಿಯೇ ಹೇಳ್ತಿದೀನಿ.

ಅಪ್ಪನಿಗೆ ಶುಗರ್ ಇದೆ. ದಿನವಿಡೀ ಶೂ ಹಾಕ್ಕೊಂಡು ಅಂಗಡೀಲಿ ನಿಂತಿರ್ತಾರೆ. ಕಳೆದ ಮಳೆಗಾಲದಲ್ಲಿ ಕಿರುಬೆರಳ ಸಂದಿ ಬೆಳ್ಳಗೆ ನೆನೆದ ಹಾಗಾಗಿ ತುರಿಕೆ ಶುರುವಾಯ್ತು. ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದ್ಕೊಟ್ಟವನು ನಾನೇ. ಮೂರು ದಿನಕ್ಕೆ ತುರಿಕೆ ನಿಂತಿತು. ಮೂರು ವಾರಕ್ಕೆ ಪಾದ ಕೆಂಪಗೆ ಊದಿ, ಜ್ವರ ಬಂದು, ಆರು ದಿನ ಆಸ್ಪತ್ರೆ.

ಆಗಿದ್ದೇನು? ಫಂಗಸ್ ತಿನ್ನೋದು ಚರ್ಮದ ಮೇಲ್ಪದರದ ಕೆರಾಟಿನ್ ಅನ್ನ. ಸಾಮಾನ್ಯವಾಗಿ ಅದು ಆಳಕ್ಕೆ ಇಳಿಯಲ್ಲ. ಆದರೆ ಅದರಿಂದಾದ ಬಿರುಕಲ್ಲಿ ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತೆ. ಹಾಗೆ ಬರೋ ಸೋಂಕೇ ಸೆಲ್ಯುಲೈಟಿಸ್.

ನಾನು ಬಿಕಾಂ. ನನಗೆ ಅರ್ಥವಾಗಿದ್ದು ಹೀಗೆ: ರಕ್ತ ಅಂದ್ರೆ ಸಪ್ಲೈ ಲಾರಿ. ಆಮ್ಲಜನಕ, ಬಿಳಿ ರಕ್ತಕಣ, ನುಂಗಿದ ಮಾತ್ರೆ, ಎಲ್ಲಾ ಅದರಲ್ಲೇ ಬರಬೇಕು. ಶುಗರ್, ಸಿಗರೇಟು, ಕೊಲೆಸ್ಟ್ರಾಲ್‌ನಿಂದ ರಕ್ತನಾಳ ಕಿರಿದಾದ್ರೆ ಪಾದಕ್ಕೆ ಲೋಡ್ ಸರಿಯಾಗಿ ತಲುಪಲ್ಲ, ಗಾಯ ಬೇಗ ಮಾಯಲ್ಲ. ನರಗಳೂ ಮಂಕಾಗಿದ್ರೆ ನೋವೇ ಗೊತ್ತಾಗಲ್ಲ.

ನಡೆದಾಗ ಮೀನಖಂಡ ಹಿಡಿದು, ನಿಂತ್ರೆ ಬಿಡುತ್ತಾ? ಪಾದ ಯಾವಾಗ್ಲೂ ತಣ್ಣಗಿರುತ್ತಾ? ಹಾಗಿದ್ರೆ ಎಬಿಐ ಟೆಸ್ಟ್ ಬಗ್ಗೆ ಡಾಕ್ಟರನ್ನ ಕೇಳಿ. ಕಾಲಿನ ಗಿಣ್ಣಿನ ಬಿಪಿಯನ್ನ ತೋಳಿನ ಬಿಪಿಯಿಂದ ಭಾಗಿಸೋ ರೇಶಿಯೋ ಅದು. 0.9 ಅಥವಾ ಕಡಿಮೆ ಬಂದ್ರೆ ಕಾಲಿನ ರಕ್ತನಾಳ ಕಿರಿದಾಗಿದೆ ಅಂತ ಲೆಕ್ಕ. ಶುಗರ್ ಇರೋರಲ್ಲಿ ನಾಳ ಗಟ್ಟಿಯಾಗಿ ನಂಬರ್ ಸುಳ್ಳು ಹೇಳಬಹುದು. ಆಗ ಬೆರಳಿನ ಬಿಪಿ ನೋಡ್ತಾರೆ.

ಇನ್ನು ನಾನು ತಂದ ಟ್ಯೂಬ್. ಅದರಲ್ಲಿ ಫಂಗಸ್ ಔಷಧಿ ಜೊತೆ ಸ್ಟೀರಾಯ್ಡೂ ಇತ್ತು. ಸ್ಟೀರಾಯ್ಡ್ ತುರಿಕೆ, ಕೆಂಪು ಎರಡನ್ನೂ ಅಡಗಿಸುತ್ತೆ, ಒಳಗೆ ಫಂಗಸ್ ಹರಡ್ತಾನೇ ಇರುತ್ತೆ. ಅದಕ್ಕೇ ಡಾಕ್ಟರ್ ಬರೆದ ಕ್ರೀಮನ್ನೇ ಹಚ್ಚಿ. ತುರಿಕೆ ನಿಂತ್ರೂ ಅವರು ಹೇಳಿದಷ್ಟು ದಿನ ಹಚ್ಚಿ.

ಉಳಿದಿದ್ದು ಸಿಂಪಲ್. ಸ್ನಾನ ಆದ್ಮೇಲೆ ಬೆರಳ ಸಂದಿ ಒಣಗಿಸಿ. ಸಂದಿಗೆ ಎಣ್ಣೆ, ಮಾಯಿಶ್ಚರೈಸರ್ ಬೇಡ. ದಿನಾ ಒಗೆದ ಸಾಕ್ಸ್ ಹಾಕಿ. ಬಿಸಿನೀರಲ್ಲಿ ಕಾಲು ನೆನೆಸೋದು, ಬ್ಲೇಡಿನಿಂದ ಚರ್ಮ ಕೆರೆಯೋದು ಬೇಡವೇ ಬೇಡ. ಕೆಂಪು, ಊತ, ಜ್ವರ, ಕಪ್ಪು ಬಣ್ಣ ಕಂಡ್ರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಅಪ್ಪನ ಪಾದ ಉಳೀತು. ಈಗ ರಾತ್ರಿ ಊಟ ಆದ್ಮೇಲೆ ಮೊಬೈಲ್ ಟಾರ್ಚ್ ಹಾಕಿ ಅವರ ಬೆರಳ ಸಂದಿ ನೋಡ್ತೀನಿ. ಎರಡೇ ನಿಮಿಷದ ಕೆಲಸ. ನಿಮ್ಮ ಮನೇಲೂ ಶುಗರ್ ಇರೋರಿದ್ರೆ ಇವತ್ತೇ ಒಮ್ಮೆ ನೋಡಿ.