ಮರವೇರಿದ ಆಕ್ಟೋಪಸ್!

ಅಮೆರಿಕದ ಒಲಿಂಪಿಕ್ ಕಾಡುಗಳಲ್ಲಿ ಮರದಿಂದ ಮರಕ್ಕೆ ಜೋತಾಡುವ ಆಕ್ಟೋಪಸ್ ಇದೆಯಂತೆ! 1998ರಲ್ಲಿ ಲೈಲ್ ಜಪಾಟೊ ಎಂಬ ಹೆಸರಿನವರು ಅಂತರ್ಜಾಲದಲ್ಲಿ ತೇಲಿಬಿಟ್ಟ ಕಟ್ಟುಕಥೆಯಿದು. ಮುಂದೆ ಕನೆಕ್ಟಿಕಟ್ ವಿಶ್ವವಿದ್ಯಾಲಯದವರು ಇದನ್ನು ಏಳನೇ ತರಗತಿಯ ಮಕ್ಕಳಿಗೆ ಓದಿಸಿದಾಗ ಬಹುತೇಕ ಎಲ್ಲರೂ ನಂಬಿದರು. ಓದಿನಲ್ಲಿ ಹಿಂದುಳಿದವರೇನಲ್ಲ, ಜಾಣರೇ.

ನಗುವ ಮುನ್ನ ತೇಜಸ್ವಿಯವರ 'ಕರ್ವಾಲೊ' (1980) ನೆನೆಯಿರಿ. ಅಲ್ಲಿ ಹುಡುಕಾಟವೆಲ್ಲ ಹಾರುವ ಓತಿಗಾಗಿ. ಪಕ್ಕೆಲುಬು ಚಾಚಿ, ಚರ್ಮ ಬಿಚ್ಚಿ ಗಾಳಿಯಲ್ಲಿ ತೇಲುವ ಓತಿ! ಕೇಳಲು ಇದೂ ಕಟ್ಟುಕಥೆಯೇ. ಆದರೆ ಪಶ್ಚಿಮಘಟ್ಟದಲ್ಲಿ ಅದು ನಿಜಕ್ಕೂ ಇದೆ. ಘಟ್ಟವನ್ನೂ ಕಡಲನ್ನೂ ಕಾಣದ ಬಳ್ಳಾರಿಯ ಹುಡುಗ ಒಂದನ್ನು ನಂಬಿ ಇನ್ನೊಂದನ್ನು ಬಿಡುವುದು ಹೇಗೆ?

ಉಸಿರಾಟ ಹೇಗೆಂದು ಕೇಳಬೇಕು. ಓತಿಗೆ ಶ್ವಾಸಕೋಶ, ಆಕ್ಟೋಪಸ್ಸಿಗೆ ಕಿವಿರು. ಸಿರುಗುಪ್ಪದ ಭತ್ತದ ಗದ್ದೆಯ ಏಡಿಗೂ ಕಿವಿರೇ ಅನ್ನಿ. ಆದರೆ ಅದು ಚಿಪ್ಪಿನಡಿ ತೇವ ಹಿಡಿದಿಟ್ಟುಕೊಂಡು ಬದುವಿನ ಮೇಲೆ ಓಡಾಡುತ್ತದೆ. ಮೈಯೆಲ್ಲ ಮೆತ್ತಗಿನ ಆಕ್ಟೋಪಸ್ಸಿಗೆ ಆ ಸೌಕರ್ಯವಿಲ್ಲ. ಆಸ್ಟ್ರೇಲಿಯದ ಒಂದು ಜಾತಿ ಇಳಿತದ ವೇಳೆ ಬಂಡೆಗಳ ಮೇಲೆ ತೆವಳಿ ಹೊಂಡದಿಂದ ಹೊಂಡಕ್ಕೆ ಹೋಗುವುದುಂಟು. ಅದೂ ನಿಮಿಷಗಳ ಮಾತು.

ಮೇಲಾಗಿ ಆಕ್ಟೋಪಸ್ ಉಪ್ಪುನೀರಿನ ಜೀವಿ. ಕುರುಗೋಡಿನ ಬೇವಿನ ಮರ ಹಾಗಿರಲಿ, ತುಂಬಿ ಹರಿಯುವ ತುಂಗಭದ್ರೆಗೆ ಬಿಟ್ಟರೂ ಬದುಕದು.