ತೊಡೆಯ ಅಂದವೂ ಶಸ್ತ್ರವೈದ್ಯರ ಹೊಣೆಯೂ

ಮನುಷ್ಯನ ಎರಡು ತೊಡೆಗಳು ಅಳತೆಗೆ ಸರಿಸಮವಾಗಿರುವದು ಅಪರೂಪ. ಅಲ್ಪ ವ್ಯತ್ಯಾಸವನ್ನು ಉಡುಪು ಮುಚ್ಚುತ್ತದೆ. ಆದರೆ ಬಾಲ್ಯದಲ್ಲಿ ಪೋಲಿಯೋ ಜಾಡ್ಯಕ್ಕೆ ತುತ್ತಾಗಿ ಒಂದು ತೊಡೆಯು ಸೊರಗಿದವನ ಸ್ಥಿತಿಯೇ ಬೇರೆ. ನಮ್ಮ ದೇಶದಲ್ಲಿ ವನ್ಯ ಪೋಲಿಯೋ ವಿಷಾಣುವಿನ ಕೊನೆಯ ರೋಗಿಯು 2011ರ ಜನವರಿಯಲ್ಲಿ ಪಶ್ಚಿಮ ಬಂಗಾಲದ ಹಾವಡಾ ಜಿಲ್ಲೆಯಲ್ಲಿ ಕಂಡುಬಂದಿತು. 2014ರ ಮಾರ್ಚಿನಲ್ಲಿ ಭಾರತಕ್ಕೆ ಪೋಲಿಯೋಮುಕ್ತವೆಂಬ ಪ್ರಮಾಣಪತ್ರವು ದೊರೆಯಿತು. ರೋಗವು ಹೋಯಿತು, ಅದು ಬಿಟ್ಟುಹೋದ ಬಡಕಲು ಕಾಲುಗಳನ್ನು ಹೊತ್ತವರು ಊರೂರಿನಲ್ಲಿ ಇನ್ನೂ ಇರುವರು.

ಇಂಥ ಕಾಲನ್ನು ತುಂಬಿ ತೋರಿಸುವ ಶಸ್ತ್ರಕ್ರಿಯೆಯು ಮೊದಲು ಮೀನಖಂಡದಲ್ಲಿ ರೂಢಿಗೆ ಬಂದಿತು. ಸಿಲಿಕೋನ್ ತುಂಡನ್ನು ಅಲ್ಲಿ ಅಳವಡಿಸಿದ ವರದಿಗಳು 1979ರಲ್ಲಿ ಪ್ರಕಟವಾದವು. ತೊಡೆಗೂ ಈಗ ಎರಡು ಮಾರ್ಗಗಳಿವೆ. ಮೊದಲನೆಯದು, ಮೆತ್ತಗಿನ ಸಿಲಿಕೋನ್ ಗಟ್ಟಿಯನ್ನು ಸ್ನಾಯುವಿನ ಹೊದಿಕೆಯ ಕೆಳಗೆ ಇರಿಸುವದು. ಎರಡನೆಯದು, ರೋಗಿಯ ಹೊಟ್ಟೆಯಿಂದಲೋ ಸೊಂಟದಿಂದಲೋ ಕೊಬ್ಬನ್ನು ತೆಗೆದು ತೊಡೆಗೆ ತುಂಬುವದು. ಹೀಗೆ ತುಂಬಿದ ಕೊಬ್ಬಿನಲ್ಲಿ ಒಂದು ಪಾಲನ್ನು ದೇಹವು ಹೀರಿಕೊಳ್ಳುವದರಿಂದ ಚಿಕಿತ್ಸೆಯನ್ನು ಪುನಃ ಮಾಡಬೇಕಾಗಬಹುದು.

ಈ ಕ್ರಿಯೆಯಿಂದ ಆಕಾರ ಬರುತ್ತದೆ, ಬಲ ಬರುವದಿಲ್ಲ. ಸಿಲಿಕೋನಿಗೆ ಸಂಕೋಚವೂ ಇಲ್ಲ, ನರದ ಸಂಬಂಧವೂ ಇಲ್ಲ. ಮೊದಲು ಕುಂಟುತ್ತಿದ್ದವನು ಮುಂದೆಯೂ ಕುಂಟುವನು. ನಡೆಯುವಾಗ ತೊಡೆಯ ಸ್ನಾಯುಗಳು ಎಡೆಬಿಡದೆ ಚಲಿಸುವದರಿಂದ ಒಳಗಿನ ಗಟ್ಟಿಯು ಸ್ಥಳ ತಪ್ಪಬಹುದು. ನೀರು ಸೇರಬಹುದು, ಕೀವಾಗಬಹುದು. ಪರವಸ್ತುವಿನ ಸುತ್ತ ದೇಹವೇ ಹೆಣೆಯುವ ನಾರಿನ ಪೊರೆಯು ಬಿಗಿದು ನೋವುಂಟುಮಾಡಬಹುದು. ಆಗ ಹಾಕಿದ್ದನ್ನು ತೆಗೆಯಲು ಮತ್ತೊಂದು ಶಸ್ತ್ರಕ್ರಿಯೆಯೇ ಗತಿ.

ಇಷ್ಟಿದ್ದರೂ, ನಾಲ್ಕು ಜನರ ನಡುವೆ ಸಂಕೋಚವಿಲ್ಲದೆ ನಿಲ್ಲಬೇಕೆಂಬ ಆಸೆಯನ್ನು ನಾವು ಹಳಿಯಲಾರೆವು. ನಮ್ಮ ಆಕ್ಷೇಪಣೆಯು ಜಾಹೀರಾತುಗಳ ಮೇಲೆ. ಆರೋಗ್ಯವಂತ ತರುಣ ತರುಣಿಯರಿಗೆ ಇಲ್ಲದ ಕೊರತೆಯನ್ನು ಕಲ್ಪಿಸಿ, 'ಮುಂಜಾನೆ ಬಂದು ಸಂಜೆಗೆ ಹೋಗಿರಿ' ಎಂದು ಕರೆಯುವವರು ಮೇಲೆ ಹೇಳಿದ ಅಪಾಯಗಳಲ್ಲಿ ಒಂದನ್ನೂ ಎತ್ತುವದಿಲ್ಲ. ಫ್ರಾನ್ಸಿನ ಪಿ.ಐ.ಪಿ. ಕಂಪನಿಯು ಸ್ತನಕ್ಕೆ ಅಳವಡಿಸುವ ಚೀಲಗಳಲ್ಲಿ ಕಾರಖಾನೆ ದರ್ಜೆಯ ಸಿಲಿಕೋನ್ ತುಂಬಿ ಮಾರಿದ್ದು 2010ರಲ್ಲಿ ಬಯಲಾಯಿತು. 2013ರಲ್ಲಿ ಅದರ ಸ್ಥಾಪಕನಿಗೆ ನಾಲ್ಕು ವರುಷಗಳ ಸೆರೆಮನೆಯಾಯಿತು. ಪ್ರಮಾಣಪತ್ರವಿದ್ದ ಮಾಲಿನ ಗತಿಯೇ ಇದಾದರೆ, ಬರಿಯ ಜಾಹೀರಾತನ್ನು ನಂಬುವವರ ಗತಿ ಏನು?

ಕಾಯದೆಯು ಇಲ್ಲದಿಲ್ಲ. 2020ರ ಏಪ್ರಿಲ್ 1ರಿಂದ ವೈದ್ಯಕೀಯ ಉಪಕರಣಗಳೆಲ್ಲವೂ 1940ರ ಔಷಧ ಹಾಗೂ ಪ್ರಸಾಧನ ಸಾಮಗ್ರಿಗಳ ಕಾಯದೆಯ ವ್ಯಾಪ್ತಿಗೆ ಬಂದಿವೆ. ಚಿಕಿತ್ಸೆಯ ಸ್ವರೂಪ, ಅಪಾಯ ಹಾಗೂ ಬೇರೆ ಮಾರ್ಗಗಳನ್ನು ತಿಳಿಸಿಯೇ ರೋಗಿಯ ಸಮ್ಮತಿ ಪಡೆಯತಕ್ಕದ್ದೆಂದು ಸುಪ್ರೀಂ ಕೋರ್ಟು 2008ರಲ್ಲಿ ನಿರ್ಣಯವಿತ್ತಿದೆ. ಅಧಿಕಾರಿಗಳು ಇವುಗಳನ್ನು ಕಡತದಿಂದ ಆಸ್ಪತ್ರೆಯ ಬಾಗಿಲಿಗೆ ತರಬೇಕು.

ಚಿಕಿತ್ಸೆಗೆ ಹೊರಟವರು ಮೊದಲು ಮೂರು ಪ್ರಶ್ನೆಗಳನ್ನು ಕೇಳಲಿ: ವೈದ್ಯರು ಪ್ಲಾಸ್ಟಿಕ್ ಶಸ್ತ್ರವಿದ್ಯೆಯಲ್ಲಿ ಪದವಿ ಪಡೆದವರೋ? ಒಳಗಿಡುವ ವಸ್ತು ಯಾರದು, ಎಲ್ಲಿಯದು? ಕೆಟ್ಟರೆ ತೆಗೆಯುವ ಭಾರ ಯಾರದು? ಲಿಖಿತ ಉತ್ತರ ಬಾರದ ಕಡೆಯಿಂದ, ಇದ್ದ ತೊಡೆಯೊಡನೆ ಮನೆಗೆ ಮರಳುವದೇ ಲೇಸು.